ಎಂಟು ನಿಮಿಷದ ವಿಧಾನದ ಕುರಿತು

ಹೇಳಿಕೆ ಕೊಡುವವನು: ಔಷಧ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಎಲ್ಲರೂ "ಗಾಜಿನ ತಾತ" ಎಂದು ಕರೆಯುವವನು. ವಯಸ್ಸು 66. ಓದು ಏಳನೇ ತರಗತಿ. ಕಸುಬು: 19ನೇ ವಯಸ್ಸಿಗೆ ಪ್ರಯೋಗಾಲಯದ ಗಾಜು ತೊಳೆಯಲು ಸೇರಿ, ನೋಡಿ ನೋಡಿ ಪರೀಕ್ಷೆ ಕಲಿತು, ನಿವೃತ್ತಿಯ ನಂತರವೂ ಅಲ್ಲೇ ಹಿರಿಯ ಪರೀಕ್ಷಕ. ವಾಸ: ಕಾರ್ಖಾನೆಯ ಹಿಂಬದಿಯ ನೌಕರರ ಸಾಲುಮನೆ, 14ನೇ ಬಾಗಿಲು, ಗೇಟಿನಿಂದ 600 ಮೀಟರ್. ಗುರುತಿನ ಚೀಟಿಯ ನಕಲು ಲಗತ್ತಿಸಿದೆ.

ಈ ಹಾಳೆಗಳ ಮೂಲಕ ಒಪ್ಪಿಸುವುದೇನೆಂದರೆ:

ಮೊದಲಿಗೆ ಇನ್ಸ್‌ಪೆಕ್ಟರ್ ಸಾಹೇಬರು, ರೈಟರ್, ಬಾಗಿಲ ಹತ್ತಿರ ನಿಂತು ಕೆಮ್ಮುತ್ತಿರುವ ಮಹಿಳಾ ಪೇದೆ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಪಕ್ಕದ ಕೋಣೆಯ ಬೆಂಚಿನ ಮೇಲೆ ಬೆಳಿಗ್ಗೆ 8-30ರಿಂದ ಕೂತಿರುವ ನನ್ನ ತಂಗಿಯ ಮೊಮ್ಮಗಳ ಕ್ಷೇಮ ಕೇಳಲು ನನಗೆ ಬಾಯಿ ಬರಲಿಲ್ಲ. ಅವಳು ನಿನ್ನೆ ಸಂಜೆಯಿಂದ ಒಂದು ತುತ್ತೂ ತಿಂದಿಲ್ಲವೆಂದು ಅವಳ ಅಜ್ಜಿ ಫೋನಿನಲ್ಲಿ ಹೇಳಿದ್ದಾಳೆ. ನಾನು ಇದುವರೆಗೆ ಬರೆದಿರುವುದು ಎರಡೇ ಬಗೆ: ತಂಗಿಗೆ ಕಾಗದ, ಪ್ರಯೋಗಾಲಯದ ದಿನಚರಿ. ಹೇಳಿಕೆ ಬರೆಯುವುದು ಇದೇ ಮೊದಲು. ರೈಟರ್ ತಾವೇ ಬರೆದುಕೊಳ್ಳುತ್ತೇನೆಂದರು. ನನ್ನ ಕೈಯಲ್ಲೇ ಬರೆಯುತ್ತೇನೆಂದು ನಾನು ಕೇಳಿಕೊಂಡೆ. ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಕಾರ್ಖಾನೆ ಫಿಟ್ಸ್ ತಡೆಯುವ ಮಾತ್ರೆ ತಯಾರಿಸುತ್ತದೆ. ಒಂದು ಮಾತ್ರೆಯಲ್ಲಿ ಇರಬೇಕಾದ ಔಷಧ ನೂರು ಪಾಲು ಎಂದಿಟ್ಟುಕೊಂಡರೆ, ಸೀಸೆಯ ಮೇಲೆ ಬರೆದ ಅವಧಿ ಮುಗಿಯುವ ತನಕ ಅದು ತೊಂಬತ್ತಕ್ಕಿಂತ ಕೆಳಗೆ ಇಳಿಯಬಾರದು. ಇಳಿಯುತ್ತದೋ ಇಲ್ಲವೋ ಎಂದು ಮುಂಚೆಯೇ ತಿಳಿಯಲು ಮಾತ್ರೆಗಳನ್ನು ಒಂದು ಬಿಸಿ ಬೀರುವಿನಲ್ಲಿ, 40 ಡಿಗ್ರಿ ಶಾಖ ಮತ್ತು ಬೇಕಾದಷ್ಟು ತೇವದಲ್ಲಿ, ಆರು ತಿಂಗಳು ಇಟ್ಟು ಆಗಾಗ ತೆಗೆದು ಅಳೆಯುತ್ತೇವೆ. ಅಳೆಯುವ ಯಂತ್ರದಲ್ಲಿ ಒಂದು ಗೇಣುದ್ದದ ಉಕ್ಕಿನ ಕೊಳವೆ ಇದೆ. ಮಾತ್ರೆಯನ್ನು ಕರಗಿಸಿ, ಸೂಜಿಯಿಂದ ಹನಿಯಷ್ಟು ಒಳಗೆ ಬಿಟ್ಟರೆ, ದ್ರವ ಅದನ್ನು ತಳ್ಳಿಕೊಂಡು ಹೋಗುತ್ತದೆ. ಒಳಗಿನ ಪದಾರ್ಥಗಳು ಒಂದೊಂದೂ ತನ್ನ ತನ್ನ ಹೊತ್ತಿಗೆ ಹೊರಗೆ ಬರುತ್ತವೆ. ಬಂದಾಗ ಯಂತ್ರ ಹಾಳೆಯ ಮೇಲೆ ಒಂದು ಗುಡ್ಡ ಬಿಡಿಸುತ್ತದೆ. ಗುಡ್ಡ ಎಷ್ಟು ದೊಡ್ಡದೋ ಔಷಧ ಅಷ್ಟು.

ಪುಸ್ತಕದಲ್ಲಿದ್ದ ಹಳೆಯ ವಿಧಾನದಲ್ಲಿ ಒಂದು ಸಲ ಅಳೆಯಲು 22 ನಿಮಿಷ ಬೇಕಿತ್ತು. ಔಷಧದ ಗುಡ್ಡ 14ನೇ ನಿಮಿಷಕ್ಕೆ ಬರುತ್ತಿತ್ತು. ಹನ್ನೊಂದು ವರ್ಷಗಳ ಹಿಂದೆ ನಮ್ಮಲ್ಲಿ ಇದ್ದದ್ದು ಒಂದೇ ಯಂತ್ರ. ಮಾದರಿಗಳು ತಟ್ಟೆಗಟ್ಟಲೆ ಕಾದು ಕೂತಿರುತ್ತಿದ್ದವು. ನಾನು ದ್ರವದಲ್ಲಿ ಮೆಥನಾಲ್ ಹೆಚ್ಚಿಸಿ, ಮೂರು ವಾರ ಹೆಣಗಾಡಿ, ಔಷಧವನ್ನು 5 ನಿಮಿಷ 6 ಸೆಕೆಂಡಿಗೆ ಹೊರಗೆ ಬರುವಂತೆ ಮಾಡಿದೆ. ಎಂಟೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಹೊಸದಾಗಿ ತಯಾರಾದ ಮಾತ್ರೆಗಳನ್ನು ಎರಡೂ ವಿಧಾನದಲ್ಲಿ ಅಳೆದೆ. ಹಳೆಯದರಲ್ಲಿ 99.8, ನನ್ನದರಲ್ಲಿ 99.7. ಕೆಟ್ಟ ಮಾತ್ರೆಯನ್ನು ಅಳೆದು ನೋಡಲಿಲ್ಲ. ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಹೊಸ ವಿಧಾನ ತಂದವರು ಮಾತ್ರೆಯನ್ನು ಬೇಕೆಂದೇ ಆಮ್ಲದಲ್ಲಿ ಕುದಿಸಿ, ಬಿಸಿಲಿಗಿಟ್ಟು, ಕೆಡಿಸಿ, ಕೆಟ್ಟದ್ದು ಒಳ್ಳೆಯದರಿಂದ ಬೇರೆಯಾಗಿ ಕಾಣುತ್ತದೆಯೇ ಎಂದು ತೋರಿಸಬೇಕೆಂಬುದು ಕಾಲೇಜಿನಲ್ಲಿ ಓದಿದವರಿಗೆ ಮೊದಲ ವರ್ಷದಲ್ಲೇ ಹೇಳಿಕೊಡುವ ಪಾಠವಂತೆ.

ನಮ್ಮ ವಿಭಾಗದ ಈಗಿನ ಮುಖ್ಯಸ್ಥರಿಗೆ ಆ ಪಾಠ ಗೊತ್ತಿತ್ತು. ಆಗ ಅವರು ನನ್ನ ಪಕ್ಕದ ಮೇಜಿನಲ್ಲಿದ್ದರು. ವಿಧಾನದ ವರದಿ ಬರೆದವರು ಅವರು. ವರದಿ ಇಂಗ್ಲಿಷಿನಲ್ಲಿತ್ತು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗದಲ್ಲಿ ನಾನು ಸಹಿ ಮಾಡಿದೆ. ಕೆಡಿಸಿ ನೋಡುವ ಪರೀಕ್ಷೆಯ ಎದುರು "ಮಾಡಲಾಗಿದೆ, ತೃಪ್ತಿಕರ" ಎಂದು ಅದರಲ್ಲಿ ಬರೆದಿತ್ತೆಂದು ನನಗೆ ಈ ವರ್ಷ ತಿಳಿಯಿತು. ಆ ವರ್ಷ ಕಾರ್ಖಾನೆಯ ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದರು. ಏಳನೇ ತರಗತಿಯವನು ಎಂಜಿನಿಯರುಗಳ ಕಿವಿ ಹಿಂಡಿದ ಎಂದು ದೊಡ್ಡ ಸಾಹೇಬರು ಹೇಳಿ ಎಲ್ಲರನ್ನೂ ನಗಿಸಿದರು. ನನ್ನ ಫೋಟೋ ಪ್ರಯೋಗಾಲಯದ ಓಣಿಯಲ್ಲಿ, ಕೈ ತೊಳೆಯುವ ತೊಟ್ಟಿಯ ಮೇಲೆ, ಈಗಲೂ ಇದೆ. ಆ ದಿನದಿಂದ ಅದಕ್ಕೆ "ತಾತನ ವಿಧಾನ" ಎಂದೇ ಹೆಸರು. ತಂಗಿಗೆ ಬರೆದ ಕಾಗದದಲ್ಲಿ ಈ ಸಂಗತಿಯನ್ನೇ ನಾಲ್ಕು ಪುಟ ಬರೆದಿದ್ದೆ.

ತಂಗಿಯ ಮೊಮ್ಮಗಳು, ವಯಸ್ಸು 24, ಹದಿನಾಲ್ಕು ತಿಂಗಳ ಹಿಂದೆ ಪರೀಕ್ಷಕಿಯಾಗಿ ಸೇರಿದಳು. ಕೆಲಸಕ್ಕೆ ಶಿಫಾರಸು ಮಾಡಿದವನು ನಾನು. ಪ್ರಯೋಗಾಲಯದಲ್ಲಿ ಅವಳನ್ನು "ಸೂಜಿ" ಎನ್ನುತ್ತಾರೆ. ಕೈ ಅಷ್ಟು ನೇರ, ಮಾತೂ ಅಷ್ಟೇ.

ಫೆಬ್ರವರಿ 11ರಂದು ಮಧ್ಯಾಹ್ನ 2-20ಕ್ಕೆ ಸದರಿ ಸೂಜಿ ನನ್ನ ಮೇಜಿಗೆ ಬಂದು, ಬಿಸಿ ಬೀರುವಿನಿಂದ ತೆಗೆದ ಆರು ತಿಂಗಳ ಮಾತ್ರೆಗಳನ್ನು ಬಿಳಿ ಕಾಗದದ ಮೇಲೆ ಸುರಿದು ತೋರಿಸಿದಳು. ಅಂಚು ಹಳದಿಯಾಗಿತ್ತು. "ತಾತ, ಮಾತ್ರೆ ಮುಖ ಹಿಂಗಿದೆ, ಯಂತ್ರ ಮಾತ್ರ 99.1 ಅಂತ ಹಲ್ಕಿರೀತಿದೆ. ನಂಬೋದ್ಯಾರನ್ನ?" ಎಂದು ಕೇಳಿದಳು. ಬಣ್ಣ ತಿರುಗಿದ ಮಾತ್ರಕ್ಕೆ ಔಷಧ ಕೆಟ್ಟಿತೆಂದಲ್ಲ, ಲೇಪನ ಬಣ್ಣ ಬಿಟ್ಟಿರಬಹುದು ಎಂದೆ. ಅವಳು ಬಗಲಲ್ಲಿದ್ದ ಎರಡು ಹಾಳೆ ಮುಂದಿಟ್ಟಳು. ಪುಸ್ತಕದ 22 ನಿಮಿಷದ ವಿಧಾನದಲ್ಲಿ ಅದೇ ಮಾತ್ರೆಯನ್ನು ಅಳೆದಿದ್ದಳು. ದೊಡ್ಡ ಗುಡ್ಡದ ಬೆನ್ನಿಗೆ, ಒಂದೂವರೆ ನಿಮಿಷದ ಅಂತರದಲ್ಲಿ, ಇನ್ನೊಂದು ಸಣ್ಣ ಗುಡ್ಡ ನಿಂತಿತ್ತು. ಔಷಧ 83.6.

ಅದರ ಅರ್ಥವನ್ನು ಅವಳೇ ಹೇಳಿದಳು. ಔಷಧ ಒಡೆದು ಬೇರೊಂದು ಪದಾರ್ಥವಾಗಿದೆ. ಹಳೆಯ ವಿಧಾನದಲ್ಲಿ ಅದು ಬೇರೆ ನಿಲ್ಲುತ್ತದೆ, ನನ್ನ ವಿಧಾನದಲ್ಲಿ ಔಷಧದ ಜೊತೆಗೇ ಹೊರಬಂದು ಒಂದೇ ಗುಡ್ಡವಾಗುತ್ತದೆ. "ನಿಮ್ಮದು ತುಂಬಿದ ಬಸ್ಸು ತಾತ. ನಿಲ್ದಾಣ ಬಂದ್ರೆ ಎಲ್ರೂ ಒಟ್ಟಿಗೆ ಧುಮುಕ್ತಾರೆ, ಟಿಕೆಟ್ ತಗೊಂಡೋರು ಯಾರು, ತಗೊಳ್ದೋರು ಯಾರು ಅಂತ ಕಂಡಕ್ಟರಿಗೇ ಗೊತ್ತಾಗಲ್ಲ" ಎಂದಳು. ಪಕ್ಕದ ಮೇಜಿನವರು ನಕ್ಕರು. ನಾನು ನಗಲಿಲ್ಲ. ಕೊಳವೆ ಹಳೆಯದಾಗಿದೆ, ತೊಳೆದು ಮತ್ತೆ ಮಾಡು ಎಂದೆ.

ಮರುದಿನ ಅವಳು ಹೊಸ ಕೊಳವೆ ಹಾಕಿ ಮೂರು ಸಲ ಅಳೆದಳು. 83.4, 83.9, 83.5. ನಿನ್ನ ಕೈ ಇನ್ನೂ ಪಳಗಿಲ್ಲ ಎಂದು ನಾನು ನಾಲ್ಕು ಜನರ ಎದುರು ಹೇಳಿದೆ. ಅವಳಷ್ಟು ಪಳಗಿದ ಕೈ ಈ ನಲವತ್ತೇಳು ವರ್ಷಗಳಲ್ಲಿ ನಾನು ನೋಡಿಲ್ಲ.

ಫೆಬ್ರವರಿ 13 ರಜೆಯ ದಿನ. ಬೆಳಿಗ್ಗೆ 9-40ಕ್ಕೆ ಕಾವಲುಗಾರನಿಗೆ ಸೀಸೆ ಎಣಿಸುವುದಿದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ. ಹೊಸ ಮಾತ್ರೆ ಹತ್ತನ್ನು ಪುಡಿ ಮಾಡಿ ಆಮ್ಲದಲ್ಲಿ ಎರಡು ಗಂಟೆ ಕುದಿಸಿದೆ. ಹನ್ನೊಂದು ವರ್ಷಗಳ ಹಿಂದೆ ಮಾಡಬೇಕಿದ್ದ ಕೆಲಸ, ಎರಡು ಗಂಟೆಯದ್ದು. ತಣಿಸಿ, ಸೋಸಿ, ಮೊದಲು ನನ್ನ ವಿಧಾನದಲ್ಲಿ ಅಳೆದೆ: 97.2. ನಂತರ ಹಳೆಯ ವಿಧಾನದಲ್ಲಿ: 61.3. ಕುದಿಸಿ ಹಾಳು ಮಾಡಿದ ಔಷಧವನ್ನು ನನ್ನ ವಿಧಾನ ಚೆನ್ನಾಗಿದೆ ಎಂದು ಹೇಳಿತು. ಆಗ ಗಡಿಯಾರದಲ್ಲಿ 1-10. ಯಂತ್ರ ಆರಿಸಿ, ಗಾಜೆಲ್ಲ ತೊಳೆದು ಒರೆಸಿ ಬೋರಲು ಹಾಕಿ, ಹಾಳೆ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಊಟಕ್ಕೆ ಯಾಕೆ ತಡವೆಂದು ಹೆಂಡತಿ ಕೇಳಿದಳು. ಸೀಸೆ ಎಣಿಸುವುದಿತ್ತೆಂದು ಅವಳಿಗೂ ಹೇಳಿದೆ. ಹಾಳೆಯನ್ನು ತಂಗಿಯ ಕಾಗದಗಳ ಕಟ್ಟಿನಲ್ಲಿ ಸೇರಿಸಿಟ್ಟೆ. ಯಾರಿಗೂ ತಿಳಿಸಲಿಲ್ಲ.

ಫೆಬ್ರವರಿ 20ರಂದು ಬೆಳಿಗ್ಗೆ 11 ಗಂಟೆಗೆ ಒಂದು ಆಸ್ಪತ್ರೆಯಿಂದ ದೂರಿನ ಪತ್ರ ಮತ್ತು ನಮ್ಮ ಮಾತ್ರೆಯ ಸೀಸೆ ಬಂತು. ಸೀಸೆಯ ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಹನ್ನೊಂದು ಮಾತ್ರೆ ಉಳಿದಿತ್ತು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು, ನಾಲ್ಕು ವರ್ಷ ಫಿಟ್ಸ್ ಇಲ್ಲದೆ ಇದ್ದವಳು, ಕೆಲಸದ ನಡುವೆ ಫಿಟ್ಸ್ ಬಂದು ಕಾದ ಇಸ್ತ್ರಿ ಪೆಟ್ಟಿಗೆಯ ಮೇಲೆ ಬಿದ್ದು ಎಡ ಮುಂಗೈ ಸುಟ್ಟುಕೊಂಡಿದ್ದಾಳೆ, ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲವೆಂದು ಹೇಳುತ್ತಾಳೆ, ಪರೀಕ್ಷಿಸಿ ತಿಳಿಸಿ ಎಂದಿತ್ತು. ಜೊತೆಗೆ ಆ ಹೆಂಗಸೇ ಬರೆದ ಅರ್ಧ ಹಾಳೆ ಇತ್ತು. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು, ಗೋಡೆಯ ಗಡಿಯಾರ ನೋಡಿಕೊಂಡೇ ನುಂಗುತ್ತೇನೆ, ನನ್ನ ತಪ್ಪೇನಾದರೂ ಇದ್ದರೆ ತಿಳಿಸಿ ಸ್ವಾಮಿ ಎಂದು ಬರೆದಿದ್ದಳು. ಅಕ್ಷರ ದುಂಡಾಗಿತ್ತು.

ಮುಖ್ಯಸ್ಥರು ಆ ಸೀಸೆಯನ್ನು ನನಗೇ ಕೊಟ್ಟರು. ಆರು ಮಾತ್ರೆ ತೆಗೆದು ಎಂಟು ನಿಮಿಷದ ವಿಧಾನದಲ್ಲಿ ಅಳೆದೆ. 98.9 ಬಂತು. ಬರುತ್ತದೆಂದು ನನಗೆ ಗೊತ್ತಿತ್ತು. ದಿನಚರಿಯಲ್ಲಿ 98.9 ಎಂದು ಬರೆದು, ಕೆಳಗೆ "ಔಷಧ ಸರಿಯಾಗಿದೆ" ಎಂದು ಬರೆದು, ಸಂಜೆ 4-15ಕ್ಕೆ ಸಹಿ ಹಾಕಿದೆ. ಮರುದಿನ ಆಸ್ಪತ್ರೆಗೂ ಆ ಹೆಂಗಸಿಗೂ ಉತ್ತರ ಹೋಯಿತು. ಔಷಧದಲ್ಲಿ ದೋಷವಿಲ್ಲ, ರೋಗಿ ಮಾತ್ರೆಯನ್ನು ಕ್ರಮವಾಗಿ ಸೇವಿಸುತ್ತಿರುವುದನ್ನು ಖಚಿತಪಡಿಸಿಕೊಳ್ಳಬೇಕು ಎಂದು.

ಉಳಿದ ಐದು ಮಾತ್ರೆ ಸೀಸೆಯಲ್ಲೇ ಕಪಾಟಿನಲ್ಲಿತ್ತು. ನನಗೆ ತಿಳಿಯದಂತೆ ಸೂಜಿ ಅದರಲ್ಲಿ ಮೂರನ್ನು ತೆಗೆದು ಹಳೆಯ ವಿಧಾನದಲ್ಲಿ ಅಳೆದಿದ್ದಳು. 79.2. ಮಾರ್ಚ್ 1ರಂದು ಬೆಳಿಗ್ಗೆ 10-05ಕ್ಕೆ ಅವಳು ಅದನ್ನು ಮುಖ್ಯಸ್ಥರ ಕೋಣೆಗೆ ಒಯ್ದಳು. 10-20ಕ್ಕೆ ನನ್ನನ್ನು ಕರೆಸಿದರು. ಮುಖ್ಯಸ್ಥರು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಬಹಳ ಪ್ರೀತಿಯಿಂದ, "ತಾತ, ನಿಮ್ಮ ಮೊಮ್ಮಗಳು ನಿಮಗೇ ಸೊನ್ನೆ ಸುತ್ತೋಕೆ ಬಂದಿದಾಳೆ ನೋಡಿ. ಹನ್ನೊಂದು ವರ್ಷದಿಂದ ನಡೀತಿರೋ ವಿಧಾನ ತಪ್ಪಂತೆ. ನೀವೇ ಹೇಳಿಬಿಡಿ" ಎಂದರು. ಅವಳು ನನ್ನ ಕಡೆ ತಿರುಗಿ, "ಹೇಳಿ ತಾತ. ನೀವು ಹೇಳಿದ್ರೆ ಕೇಳ್ತಾರೆ" ಎಂದಳು.

ನನ್ನ ವಿಧಾನದಲ್ಲಿ ತಪ್ಪಿಲ್ಲ ಎಂದು ನಾನು ಹೇಳಿದೆ.

ಅವಳು ಹಾಳೆಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಜೋಡಿಸಿಕೊಂಡು ಎದ್ದು ಹೋದಳು. ಅದಾದ ಮೇಲೆ ನನ್ನೊಂದಿಗೆ ಮಾತಾಡಿಲ್ಲ.

ಮಾರ್ಚ್ 3ರಂದು ಸಂಜೆ 5-35ಕ್ಕೆ ಗೇಟಿನಲ್ಲಿ ಅವಳ ಊಟದ ಚೀಲ ತಪಾಸಣೆ ಮಾಡಲಾಯಿತು. ಎರಡು ಮಾತ್ರೆ ಉಳಿದಿದ್ದ ದೂರಿನ ಸೀಸೆ ಮತ್ತು ಒಂಬತ್ತು ಹಾಳೆ ಸಿಕ್ಕವು. ಅವಳು ಅವನ್ನು ನಾಲ್ಕು ಕಿಲೋಮೀಟರ್ ದೂರದ ಔಷಧ ನಿಯಂತ್ರಣ ಕಚೇರಿಗೆ ಒಯ್ಯುವುದಾಗಿ ಗೇಟಿನಲ್ಲೇ ಹೇಳಿದಳೆಂದು ಕಾವಲುಗಾರ ನನಗೆ ತಿಳಿಸಿದ್ದಾನೆ. ಮಾದರಿ ಕದ್ದಳು, ಸುಳ್ಳು ಅಳತೆಯ ಹಾಳೆ ಸೃಷ್ಟಿಸಿ ಕಾರ್ಖಾನೆಯ ಹೆಸರು ಕೆಡಿಸಲು ಹೊರಟಳು ಎಂದು ಮುಖ್ಯಸ್ಥರು ಅಂದೇ ಈ ಠಾಣೆಯಲ್ಲಿ ದೂರು ಕೊಟ್ಟರು.

ಈ ದಿನ, ಮಾರ್ಚ್ 4ರಂದು, ಬೆಳಿಗ್ಗೆ 7-15ಕ್ಕೆ ತಂಗಿ ಫೋನ್ ಮಾಡಿದಳು. ಬೈಯುತ್ತಾಳೆಂದುಕೊಂಡೆ. ಅವಳು ಅಳಲೂ ಇಲ್ಲ. "ಅಣ್ಣ, ಅವ್ಳ ಅಪ್ಪ ಅಮ್ಮ ಹೋದ್ಮೇಲೆ ನಾನ್ ಬೆಳೆಸಿದ ಕೂಸದು. ಕಳ್ಳಿ ಅಂತ ಬೀದಿಯಲ್ಲೆಲ್ಲ ಆಡ್ಕೊಳ್ತಿದಾರೆ. ಆದ್ರೂ ನಂಗೇನ್ ಹೆದರಿಕೆ ಇಲ್ಲ, ನೀನಿದ್ದೀಯಲ್ಲ ಅಲ್ಲಿ. ಆ ಯಂತ್ರದ ಹೊಟ್ಟೇಲಿರೋದು ನಿಂಗೊಬ್ಬನಿಗೇ ಗೊತ್ತು ಅಂತ ನೀನೇ ಬರ್ದಿದ್ಯಲ್ಲ" ಎಂದಳು. ಆಮೇಲೆ, ನನ್ನ ಮಂಡಿನೋವು ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ.

9-30ಕ್ಕೆ ಕಾರ್ಖಾನೆಯ ಕಾರು ಬಾಗಿಲಿಗೆ ಬಂತು. ಮುಖ್ಯಸ್ಥರು ಒಳಗೆ ಕೂತಿದ್ದರು. ಟೈಪು ಮಾಡಿದ ಒಂದು ಹೇಳಿಕೆ ಕೊಟ್ಟರು, ಈ ಸಲ ನನಗೆ ಓದಲು ಬರುವ ಭಾಷೆಯಲ್ಲಿ. ಸದರಿ ಪರೀಕ್ಷಕಿಗೆ ಯಂತ್ರ ನಡೆಸುವ ಅನುಭವ ಸಾಲದು, ಎರಡನೇ ಗುಡ್ಡ ಕೊಳಕು ಗಾಜಿನಿಂದ ಬಂದದ್ದು, ನಾನು ಅವಳಿಗೆ ಹಲವು ಬಾರಿ ಎಚ್ಚರಿಸಿದ್ದೆ ಎಂದು ಅದರಲ್ಲಿತ್ತು. ಕೊಳಕು ಗಾಜು ಎಂಬ ಮಾತನ್ನು ನಾನು ಎರಡು ಸಲ ಓದಿದೆ. ನಮ್ಮ ಪ್ರಯೋಗಾಲಯದ ಗಾಜು ಇವತ್ತಿಗೂ ನನ್ನ ಕಣ್ಣ ಮುಂದೆಯೇ ತೊಳೆಯುತ್ತಾರೆ.

ಸಹಿ ಠಾಣೆಯಲ್ಲಿ ಹಾಕಿದರೆ ಸಾಕೆಂದು ಮುಖ್ಯಸ್ಥರು ಹೇಳಿದರು. ಹುಡುಗಿಗೆ ಜೈಲಾಗದಂತೆ ತಾವೇ ನೋಡಿಕೊಳ್ಳುವುದಾಗಿಯೂ, ಕ್ಷಮೆ ಕೇಳಿ ಕೆಲಸ ಬಿಟ್ಟರೆ ದೂರು ವಾಪಸು ಪಡೆಯುವುದಾಗಿಯೂ ಹೇಳಿದರು. ಇನ್ನು ಮೇಲೆ ಅವಳನ್ನು ಯಾವ ಪ್ರಯೋಗಾಲಯ ಸೇರಿಸಿಕೊಳ್ಳುತ್ತದೆ ಎಂದು ಕೇಳಿದೆ. "ಮದುವೆ ವಯಸ್ಸು ತಾತ, ಬಿಡಿ" ಎಂದರು. ಆಮೇಲೆ, "ಆ ಹಳೇ ವರದೀಲಿ ನನ್ನ ಸಹಿ ಪಕ್ಕ ನಿಮ್ಮ ಸಹೀನೂ ಇದೆ. ನಾನು ಮುಳುಗಿದ್ರೆ ನಿಮ್ಮ ಕೈ ಹಿಡ್ಕೊಂಡೇ ಮುಳುಗೋದು" ಎಂದರು. ಹೆದರಿಸುವ ಧ್ವನಿಯಲ್ಲ, ಮನೆಯವರು ಹೇಳಿದ ಹಾಗೆ. ಕನ್ನಡಕ ಮರೆತೆನೆಂದು ಹೇಳಿ ಒಳಗೆ ಹೋಗಿ ಕಾಗದದ ಕಟ್ಟು ಬಿಚ್ಚಿ ಫೆಬ್ರವರಿ 13ರ ಹಾಳೆ ತೆಗೆದುಕೊಂಡೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅವರು ಗಮನಿಸಲಿಲ್ಲ.

ಠಾಣೆಗೆ 10-10ಕ್ಕೆ ತಲುಪಿದೆವು. ಮುಖ್ಯಸ್ಥರು ಹೊರಗೆ ಕಾರಿನಲ್ಲೇ ಕಾಯುತ್ತಿದ್ದಾರೆ. ಟೈಪು ಮಾಡಿದ ಹೇಳಿಕೆಯನ್ನು ಇದರೊಂದಿಗೆ ಒಪ್ಪಿಸಿದ್ದೇನೆ. ಅದಕ್ಕೆ ಸಹಿ ಹಾಕಿಲ್ಲ. ಫೆಬ್ರವರಿ 13ರ ಹಾಳೆಯನ್ನೂ ಒಪ್ಪಿಸಿದ್ದೇನೆ. ಅದರ ಮೂಲೆಯಲ್ಲಿ ಯಂತ್ರವೇ ಹೊತ್ತು, ದಿನ ಮತ್ತು ನನ್ನ ಗುರುತಿನ ಸಂಖ್ಯೆ ಅಚ್ಚು ಹಾಕಿದೆ. ಸೂಜಿಯ ಒಂಬತ್ತು ಹಾಳೆ ನಿಜವೋ ಸುಳ್ಳೋ ಎಂದು ತಿಳಿಯಲು ಬೇರೆ ಸಾಕ್ಷಿ ಬೇಡ. ಅವಳು ಹೇಳಿದ್ದನ್ನು ಅವಳಿಗಿಂತ ಹಿರಿಯನಾದವನು ಕದ್ದುಮುಚ್ಚಿ ಮಾಡಿ ನೋಡಿ ನಿಜವೆಂದು ತಿಳಿದುಕೊಂಡಿದ್ದ. ನಿಮ್ಮ ವಶದಲ್ಲಿರುವ ದೂರಿನ ಸೀಸೆಯಲ್ಲಿ ಉಳಿದ ಎರಡು ಮಾತ್ರೆಗಳನ್ನು ಹೊರಗಿನ ಪ್ರಯೋಗಾಲಯಕ್ಕೆ, 22 ನಿಮಿಷದ ವಿಧಾನವೆಂದು ಸ್ಪಷ್ಟವಾಗಿ ಬರೆದು, ಕಳುಹಿಸಬೇಕು. ಅಲ್ಲಿಯವರೆಗೆ ಠಾಣೆಯ ಕಿಟಕಿಯ ಹತ್ತಿರ ಬಿಸಿಲಿಗೆ ಇಡಬೇಡಿ.

ಇಷ್ಟು ಬರೆದಾಗ ರೈಟರ್ ನನ್ನ ಹೆಗಲ ಮೇಲಿಂದ ಓದಿ, "ಯಜಮಾನ್ರೇ, 'ತಿಳಿಯದೆ ಆದ ತಪ್ಪು' ಅಂತ ಒಂದ್ ಸಾಲು ಸೇರ್ಸಿ, ನಿಮಗೇ ಒಳ್ಳೇದು. ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೀಬೇಡಿ" ಎಂದರು. ಅವರ ಮನಸ್ಸು ಒಳ್ಳೆಯದು. ಆದರೆ ದಿನಚರಿಯಲ್ಲಿ ಬರೆದಂತೆ ಇಲ್ಲಿಯೂ ಬರೆಯಬೇಕಾಗುತ್ತದೆ: ಹನ್ನೊಂದು ವರ್ಷ ತಿಳಿಯದೆ, ಹತ್ತೊಂಬತ್ತು ದಿನ ತಿಳಿದು. ಆ ಹತ್ತೊಂಬತ್ತು ದಿನದಲ್ಲಿ ನನ್ನನ್ನು ಯಾರೂ ಹೆದರಿಸಿರಲಿಲ್ಲ. ಮುಖ್ಯಸ್ಥರು ಕೂಡ ಈ ಬೆಳಿಗ್ಗೆ ಕಾರು ತರುವವರೆಗೆ ಅಂಥ ಒಂದು ಮಾತೂ ಹೇಳಿರಲಿಲ್ಲ. ಓಣಿಯ ಗೋಡೆಯಿಂದ ಫೋಟೋ ಇಳಿಸುತ್ತಾರೆಂಬುದು ಬಿಟ್ಟರೆ ನನಗೆ ಬೇರೆ ಭಯ ಇರಲಿಲ್ಲ. ಅದಕ್ಕಾಗಿ ಒಬ್ಬಳ ಸುಟ್ಟ ಕೈಗೆ ಅವಳನ್ನೇ ಹೊಣೆ ಮಾಡಿದೆ, ಇನ್ನೊಬ್ಬಳನ್ನು ನಿಮ್ಮ ಬೆಂಚಿನ ಮೇಲೆ ಕೂರಿಸಿದೆ.

ಮೇಲೆ ಬರೆದದ್ದನ್ನೆಲ್ಲ ನಾನೇ ನನ್ನ ಕೈಯಿಂದ ಬರೆದು, ಎರಡು ಸಲ ಓದಿಕೊಂಡಿದ್ದೇನೆ. ಅಂಕಿಗಳನ್ನು ಮೂರು ಸಲ ನೋಡಿದ್ದೇನೆ. ಇದರಲ್ಲಿ ಯಾರ ಒತ್ತಾಯವೂ ಇಲ್ಲ, ನನಗೆ ಗೊತ್ತಿದ್ದೂ ಬಿಟ್ಟದ್ದು ಯಾವುದೂ ಇಲ್ಲ.

ಕೊನೆಯದಾಗಿ ಒಂದು ಕೋರಿಕೆ. ಹೊಲಿಗೆಯ ಹೆಂಗಸಿನ ವಿಳಾಸ ದೂರಿನ ಪತ್ರದ ಹಿಂಬದಿಯಲ್ಲಿದೆ. ನಮ್ಮ ಉತ್ತರ ನಂಬಿ ಅವಳು ಅದೇ ತಯಾರಿಕೆಯ ಬೇರೆ ಸೀಸೆಯಿಂದ ನುಂಗುತ್ತಿರಬೇಕು. ತಾನಾಗಿ ಮಾತ್ರೆ ನಿಲ್ಲಿಸಕೂಡದು, ಅದು ಇನ್ನೂ ಅಪಾಯ. ಆಸ್ಪತ್ರೆಯವರು ಬೇರೆ ಕಾರ್ಖಾನೆಯ ಸೀಸೆ ಕೊಡಬೇಕು. ಈಗ ಮಧ್ಯಾಹ್ನ 12-50. ಅವಳು ಗಡಿಯಾರ ನೋಡಿಕೊಂಡು ನುಂಗುವವಳು, ರಾತ್ರಿ ಎಂಟಕ್ಕೆ ಮತ್ತೊಂದು ತೆಗೆದುಕೊಳ್ಳುತ್ತಾಳೆ. ಅದಕ್ಕೆ ಮೊದಲು ಅವಳಿಗೆ ಯಾರು ಹೋಗಿ ಹೇಳಿದರು, ಅವಳದೇನೂ ತಪ್ಪಿಲ್ಲವೆಂದೂ ಹೇಳಿದರೋ ಇಲ್ಲವೋ ಎಂಬುದನ್ನು ನಾನು ಎಲ್ಲಿದ್ದರೂ ಅಲ್ಲಿಗೆ ದಯವಿಟ್ಟು ಬೇಗ ಬರೆದು ತಿಳಿಸಬೇಕು.

ಸ್ಥಳ: ಠಾಣೆಯ ಬರಹದ ಕೋಣೆ
ದಿನಾಂಕ: ಮಾರ್ಚ್ 4, ಮಧ್ಯಾಹ್ನ 12-55
ಸಹಿ: (ಗಾಜಿನ ತಾತ)